ಏಳನೆಯ ಕಾಯಿಯ ಸದ್ದು

ನಮ್ಮ ಮನೆಯಲ್ಲಿ ತೆಂಗಿನಕಾಯಿ ಒಡೆಯುವ ಕೆಲಸ ನನ್ನದು. ಯಜಮಾನರಿಗೆ ಅದು ಒಗ್ಗುವುದಿಲ್ಲ. ತಾಲ್ಲೂಕು ಕಚೇರಿಯ ಕಡತಗಳನ್ನು ಹಿಂದೆ ಮುಂದೆ ತಿರುವಿ ನೋಡಿ ಅಭ್ಯಾಸವಾದ ಅವರು ಕಾಯಿಯನ್ನೂ ಹಾಗೆಯೇ ತಿರುವುತ್ತಾ, ಎಲ್ಲಿ ಏಟು ಹಾಕಬೇಕೆಂಬ ತೀರ್ಮಾನಕ್ಕೆ ಬರುವಷ್ಟರಲ್ಲಿ ಒಲೆಯ ಮೇಲಿನ ಒಗ್ಗರಣೆ ಸೀದುಹೋಗಿರುತ್ತದೆ. ನಾನಾದರೋ ಹಿತ್ತಲ ಬಾಗಿಲ ಬಳಿಯ ಒಗೆಯುವ ಕಲ್ಲಿನ ಅಂಚಿಗೆ ಒಂದೇ ಏಟು ಹಾಕಿ, ನೀರನ್ನು ಲೋಟಕ್ಕೆ ಬಸಿದು, ಎರಡು ಹೋಳುಗಳೊಂದಿಗೆ ಒಳಗೆ ಬಂದುಬಿಡುತ್ತೇನೆ. ಇಷ್ಟು ವರ್ಷ ಹೀಗೆ ಒಡೆಯುತ್ತಾ ಬಂದರೂ ಕಾಯಿ ಒಡೆಯುವಾಗ ಒಂದು ಸದ್ದಾಗುತ್ತದೆ ಎಂಬುದನ್ನು ನಾನು ಗಮನಿಸಿದ್ದು ಹೋದ ವರ್ಷ. ಇದೇನು ಮಹಾ, ಸದ್ದಾಗುವುದು ಎಲ್ಲರಿಗೂ ಗೊತ್ತು ಅನ್ನುತ್ತೀರಿ, ನಿಜವೇ. ಆದರೆ ಆ ಸದ್ದನ್ನು ಹಿಡಿದು, ಹೆಸರಿಟ್ಟು, ಲ್ಯಾಪ್‌ಟಾಪಿನಲ್ಲಿ ಜೋಪಾನವಾಗಿ ಇಟ್ಟುಕೊಂಡವರು ಮಳವಳ್ಳಿಯಲ್ಲಿ ನಾನೊಬ್ಬಳೇ ಇರಬೇಕು. ಅದರ ಹೆಸರು ‘ಕಾಯಿ ಏಳು’. ಅದರ ಆಯುಷ್ಯ ಮೂರು ಸೆಕೆಂಡಿಗಿಂತ ಕಡಿಮೆ. ಅದರ ಕಥೆಯನ್ನು ಹೇಳದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ, ಆದ್ದರಿಂದ ಸ್ವಲ್ಪ ಹೊತ್ತು ಕೂತು ಕೇಳಿ.

ನಾನು ಭಾರತೀನಗರದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವಳು. ಬೆಳಿಗ್ಗೆ ಮಳವಳ್ಳಿಯಲ್ಲಿ ಬಸ್ಸು ಹತ್ತಿ, ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತಾ ಹೋಗಿ, ಸಂಜೆ ಖಾಲಿ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತಾ ಬರುತ್ತೇನೆ. ಮಕ್ಕಳು ಮನೆಯಲ್ಲೇ ಕೂತು ಪಾಠ ಕೇಳಬೇಕಾಗಿದ್ದ ಆ ರೋಗದ ಕಾಲದಲ್ಲಿ, ಪಾಠಗಳನ್ನು ಧ್ವನಿಮುದ್ರಿಸಿ ಕಳಿಸಬೇಕೆಂದು ಕಾಲೇಜಿನವರು ಹೇಳಿದ್ದರಿಂದ, ಹಾಡುಗಾರರೂ ಸಿನಿಮಾದವರೂ ಬಳಸುವ ಒಂದು ತಂತ್ರಾಂಶವನ್ನು ಕಲಿಯಬೇಕಾಯಿತು. ಕಲಿತದ್ದು ಕೆಲಸಕ್ಕೆ, ಬಿಡದೆ ಹಿಡಿದುಕೊಂಡದ್ದು ಮೋಹಕ್ಕೆ. ಆ ತಂತ್ರಾಂಶದಲ್ಲಿ ನನ್ನ ಜೀವ ಹಿಡಿದದ್ದು ಒಂದು ಪುಟ್ಟ ತಿರುಪು. ಅದರ ಎಡತುದಿಯಲ್ಲಿ ‘ಡ್ರೈ’ ಎಂದೂ ಬಲತುದಿಯಲ್ಲಿ ‘ವೆಟ್’ ಎಂದೂ ಬರೆದಿರುತ್ತದೆ. ಎಡಕ್ಕೆ ಪೂರ್ತಿ ತಿರುಗಿಸಿದರೆ ಸೊನ್ನೆ, ಅಂದರೆ ಗಂಟಲಿನಿಂದ ಹೇಗೆ ಹೊರಟಿತೋ ಹಾಗೆಯೇ ಇರುವ ಒಣ ದನಿ. ಬಲಕ್ಕೆ ಪೂರ್ತಿ ತಿರುಗಿಸಿದರೆ ನೂರು, ಅಂದರೆ ಮೂಲದ ದನಿ ಮಾಯವಾಗಿ ಅದರ ಪ್ರತಿಧ್ವನಿಯೊಂದೇ ಉಳಿಯುವ ಸ್ಥಿತಿ, ನೆನೆಹಾಕಿದ ಅವಲಕ್ಕಿಯಲ್ಲಿ ಅವಲಕ್ಕಿಯೇ ಕರಗಿಹೋದ ಹಾಗೆ. ಈ ಎರಡರ ನಡುವೆ ಎಲ್ಲಿ ನಿಲ್ಲಿಸಬೇಕೆಂಬುದೇ ಧ್ವನಿಯವರ ಕುಶಲತೆ, ಅವರ ಜಗಳ, ಅವರ ವೇದಾಂತ.

ಅಂದಿನಿಂದ ನನಗೊಂದು ಚಟ ಅಂಟಿತು. ಎದುರಿಗೆ ಸಿಕ್ಕವರ ಮಾತಿನಲ್ಲಿ ಒಣದ್ದೆಷ್ಟು, ನೆನೆದದ್ದೆಷ್ಟು ಎಂದು ಮನಸ್ಸಿನಲ್ಲೇ ತಿರುಪು ತಿರುಗಿಸಿ ನೋಡುವುದು. ನಮ್ಮ ಯಜಮಾನರದು ಅಪ್ಪಟ ಸೊನ್ನೆ. ಮೈಸೂರಿಗೆ ಹೋಗಿ ಎರಡು ದಿನ ಇದ್ದು ಬಂದವರನ್ನು ಹೇಗಿತ್ತು ಎಂದರೆ ‘ಇತ್ತು’ ಎನ್ನುತ್ತಾರೆ. ನಮ್ಮ ದೊಡ್ಡಮ್ಮನದು ಎಂಬತ್ತಕ್ಕೆ ಕಡಿಮೆಯಿಲ್ಲ, ಸಂತೆಯಿಂದ ಕೊತ್ತಂಬರಿ ತಂದ ವೃತ್ತಾಂತ ಅವರ ತಾತನ ಎತ್ತಿನ ಗಾಡಿಯಿಂದ ಶುರುವಾಗುತ್ತದೆ. ಮದುವೆಯ ಕರೆಯೋಲೆಗಳದ್ದು ನೂರಕ್ಕೆ ನೂರು, ವಂಶವೃಕ್ಷಗಳೂ ದೈವಕೃಪೆಗಳೂ ತುಂಬಿ ತುಳುಕುವ ಆ ಹಾಳೆಯಲ್ಲಿ ಊಟ ಯಾವ ಛತ್ರದಲ್ಲಿ ಎಂಬುದನ್ನು ಕನ್ನಡಕ ಒರೆಸಿ ಹುಡುಕಬೇಕು. ವಿದ್ಯಾರ್ಥಿಗಳ ರಜೆಯ ಅರ್ಜಿಯಲ್ಲಿ ಮೊದಲ ನಾಲ್ಕು ಸಾಲು ತೊಯ್ದು ತೊಪ್ಪೆಯಾಗಿ, ಸಹಿಯ ಮೇಲಿನ ಸಾಲು ಮಾತ್ರ ಬಿರುಬಿಸಿಲಿಗೆ ಹಾಕಿದಂತಿರುತ್ತದೆ. ನನ್ನದು ಎಷ್ಟೆಂದು ಇಷ್ಟು ಹೊತ್ತಿಗೆ ನೀವೇ ಅಳೆದಿರುತ್ತೀರಿ, ನಾನು ಹೇಳುವುದಿಲ್ಲ.

ಈಗ ದೊಡ್ಡಪ್ಪನ ವಿಷಯಕ್ಕೆ ಬರುತ್ತೇನೆ. ನನ್ನ ತವರೂ ಗಂಡನ ಮನೆಯೂ ಮಳವಳ್ಳಿಯ ಎರಡು ಬೀದಿ. ತವರಿನ ಬೀದಿಯ ಕೊನೆಗೆ ಈಶ್ವರನ ಗುಡಿ, ಆ ಗುಡಿಯ ಅರ್ಚಕರು ನನ್ನ ತಂದೆಯ ಅಣ್ಣ. ವಯಸ್ಸು ಎಪ್ಪತ್ತನಾಲ್ಕು, ಮೈಯಲ್ಲಿ ಮಾಂಸಕ್ಕಿಂತ ವಿಭೂತಿಯೇ ಹೆಚ್ಚು. ಮಹಾಮಂಗಳಾರತಿಯ ಹೊತ್ತಿಗೆ ಅವರು ನಮ್ಮ ತಾತ ಕಟ್ಟಿದರೆಂದು ಮನೆಯಲ್ಲಿ ಹೇಳಿಕೊಳ್ಳುವ ಒಂದು ಪದವನ್ನು ಗರ್ಭಗುಡಿಯಲ್ಲಿ ನಿಂತು ಹಾಡುತ್ತಿದ್ದರು. ಒಳಗಿನ ಕಲ್ಲು ಆ ದನಿಯನ್ನು ಹಿಡಿದು, ತಿರುಗಿಸಿ, ತುಂಬಿಸಿ, ಹೊಸಿಲಿನಾಚೆಗೆ ಕಳಿಸುತ್ತಿತ್ತು. ಸಾಲು ಮುಗಿದ ಮೇಲೂ ಒಂದು ಕ್ಷಣ ಯಾರೋ ಒಳಗೆ ಹಾಡುತ್ತಲೇ ಇರುತ್ತಿದ್ದರು. ಅದು ಯಾರು ಎಂದು ಚಿಕ್ಕವಳಿದ್ದಾಗ ಅಪ್ಪನನ್ನು ಕೇಳಿದ್ದೆ. ‘ಇನ್ಯಾರು, ಈಶ್ವರನೇ ಜೊತೆಗೆ ಹಾಡ್ತಾನೆ’ ಎಂದಿದ್ದರು. ಅದನ್ನು ನಾನು ಬಹಳ ವರ್ಷ ನಂಬಿದ್ದೆ. ದೊಡ್ಡಪ್ಪ ಇನ್ನೂ ನಂಬಿದ್ದರೆಂದು ತಿಳಿದದ್ದು ಹೋದ ವರ್ಷವೇ.

ಗರ್ಭಗುಡಿಯ ಚಾವಣಿ ಸೋರುತ್ತಿತ್ತು. ಚಪ್ಪಡಿಗಳನ್ನು ಬಿಚ್ಚಿ, ಗೋಡೆಯನ್ನೂ ಅರ್ಧ ಇಳಿಸಿ ಹೊಸದಾಗಿ ಕಟ್ಟಬೇಕೆಂದು ಗುಡಿಯ ಸಮಿತಿ ತೀರ್ಮಾನಿಸಿತು. ಹೀಗೆ ಜೀರ್ಣೋದ್ಧಾರ ಮಾಡುವಾಗ ದೇವರ ಕಳೆಯನ್ನು ಕಲಶದ ನೀರಿಗೆ ಬರಮಾಡಿಕೊಂಡು, ಕೆಲಸ ಮುಗಿಯುವವರೆಗೆ ಆ ಕಲಶವನ್ನು ಬೇರೆ ಕಡೆ ಇಟ್ಟು ಪೂಜಿಸುವುದು ಕ್ರಮ. ಆ ತಾತ್ಕಾಲಿಕ ಗುಡಿಗೆ ಬಾಲಾಲಯವೆಂದು ಮುದ್ದಾದ ಹೆಸರಿದೆ. ನಮ್ಮದು ಹೆಸರಿನಲ್ಲಷ್ಟೇ ಮುದ್ದು, ನೋಡಲಿಕ್ಕೆ ಅಂಗಳದಲ್ಲಿ ನಾಲ್ಕು ಕಬ್ಬಿಣದ ಕಂಬ ನೆಟ್ಟು ತಗಡು ಹೊದಿಸಿ, ಮೂರು ಕಡೆ ಹಸಿರು ಬಲೆ ಕಟ್ಟಿದ ಶೆಡ್ಡು. ಮೈಕು ಹಾಕಿದ್ದರು. ಮೊದಲ ದಿನ ದೊಡ್ಡಪ್ಪ ಆರತಿಯ ತಟ್ಟೆ ಎತ್ತಿ ಪದ ಶುರುಮಾಡಿದರು. ಎರಡನೆಯ ಸಾಲಿಗೆ ನಿಲ್ಲಿಸಿ ಸುತ್ತ ನೋಡಿದರು, ಹಾಡುತ್ತಿರುವುದು ಬೇರೆ ಯಾರೋ ಎನ್ನುವಂತೆ. ತಗಡಿಗೂ ಬಲೆಗೂ ಬಡಿದ ದನಿ ಹೋದದ್ದು ಹೋದಂತೆಯೇ, ತಿರುಗಿ ಬರಲಿಲ್ಲ. ಗುಡಿಯ ಬಾಗಿಲಲ್ಲಿ ಹೂ ಮಾರುವ ಪುಟ್ಟತಾಯಮ್ಮ ನಿಜವಾದ ಕಾಳಜಿಯಿಂದಲೇ ಕೇಳಿದಳು: “ಯಾಕ್ ಐನೋರೆ, ಗಂಟ್ಲು ಕಟ್ಕಂಡದಾ? ಒಸಿ ಮೆಣ್ಸಿನ ಕಸಾಯ ಕುಡೀರಿ.”

ಮಾರನೆಯ ದಿನದಿಂದ ದೊಡ್ಡಪ್ಪ ಹಾಡುವುದನ್ನು ಬಿಟ್ಟರು. ಗಂಟೆ ಬಾರಿಸಿ, ಒಳಗೊಳಗೇ ಗುನುಗಿ, ತೀರ್ಥ ಕೊಟ್ಟು ಮುಗಿಸತೊಡಗಿದರು. ವಾರದೊಳಗೆ ದೊಡ್ಡಮ್ಮ ನನಗೆ ಹೇಳಿಕಳಿಸಿದರು. ಹೋದರೆ ದೊಡ್ಡಪ್ಪ ಜಗಲಿಯ ಮೇಲೆ ಕೂತಿದ್ದಾರೆ, ಪಕ್ಕದಲ್ಲಿ ಕಷಾಯದ ಲೋಟ ತಣ್ಣಗಾಗಿದೆ.

“ಐವತ್ತು ವರ್ಷ ಅದು ನನ್ನ ದನಿ ಅಂದ್ಕೊಂಡಿದ್ದೆ ಕಣಮ್ಮ. ಅವನು ಹಾಡ್ತಿದ್ದ, ನಾನು ಬರೀ ಬಾಯಿ ಆಡಿಸ್ತಿದ್ದೆ. ಈಗ ಅವನು ನೀರೊಳಗೆ ಕೂತಿದಾನೆ, ಸುಮ್ಮನಿದಾನೆ. ನನ್ನದು ಇಷ್ಟೇ ಅಂತ ಎಲ್ಲರಿಗೂ ಗೊತ್ತಾಯ್ತು. ಶಿವರಾತ್ರಿ ಕಳೀಲಿ, ಬೇರೆಯವರನ್ನ ನೋಡ್ಕೊಳಿ ಅಂತ ಸಮಿತಿಗೆ ಹೇಳಿಬಿಡ್ತೀನಿ.”

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಗಂಟಲಿಗೆ ಏನೂ ಆಗಿರಲಿಲ್ಲ, ದೊಡ್ಡಮ್ಮನನ್ನು ಕರೆಯುವಾಗ ಅದು ಬೀದಿಯ ಆ ತುದಿಗೆ ಕೇಳುತ್ತಿತ್ತು. ಆದರೆ ಬರೀ ಸೊನ್ನೆಯ ತಮ್ಮ ದನಿಯನ್ನು ದೊಡ್ಡಪ್ಪ ಜೀವಮಾನದಲ್ಲಿ ಮೊದಲ ಸಲ ಕೇಳಿಸಿಕೊಂಡಿದ್ದರು. ಬಂಧುಗಳ ಮದುವೆಯ ವಿಡಿಯೋದಲ್ಲಿ ನಮ್ಮ ನಡಿಗೆಯನ್ನು ನಾವೇ ನೋಡಿದಾಗ ಆಗುತ್ತದಲ್ಲ, ಆ ಆಘಾತ. ನಾವಾದರೆ ಆಚೆ ತಿರುಗಿ ಕೂರಬಹುದು, ಅವರು ದಿನಕ್ಕೆ ಎರಡು ಹೊತ್ತು ಅದನ್ನೇ ಎದುರಿಸಬೇಕಿತ್ತು.

ಆಗ ನನ್ನ ತಂತ್ರಾಂಶದ ನೆನಪಾಯಿತು. ಅದರಲ್ಲೊಂದು ವಿದ್ಯೆಯಿದೆ. ಯಾವುದಾದರೂ ಕೋಣೆಯಲ್ಲಿ ಚಟ್ಟನೆ ಒಂದು ಸದ್ದು ಮಾಡಿ, ಆ ಸದ್ದೂ ಅದರ ಬೆನ್ನಿಗೆ ಬರುವ ಪ್ರತಿಧ್ವನಿಯೂ ಮುಗಿಯುವವರೆಗೆ ಮುದ್ರಿಸಿಕೊಂಡರೆ, ಅದು ಆ ಕೋಣೆಯ ಅಚ್ಚು. ಆಮೇಲೆ ಯಾರ ದನಿಯನ್ನು ಬೇಕಾದರೂ ಆ ಅಚ್ಚಿಗೆ ಸುರಿಯಬಹುದು, ಅವರು ಆ ಕೋಣೆಯಲ್ಲೇ ನಿಂತು ಹಾಡಿದಂತೆ ಕೇಳುತ್ತದೆ. ಚಪ್ಪಡಿ ಬಿಚ್ಚುವ ಕೆಲಸ ಸೋಮವಾರ ಶುರುವಾಗುವುದಿತ್ತು. ಅಷ್ಟರೊಳಗೆ ಗರ್ಭಗುಡಿಯ ಅಚ್ಚು ತೆಗೆದುಕೊಂಡರೆ ಬಾಲಾಲಯದ ಮೈಕಿನೊಳಗೆ ಅದನ್ನೇ ಕೂರಿಸಬಹುದು ಎಂದು ದೊಡ್ಡಪ್ಪನಿಗೆ ವಿವರಿಸಿದೆ. ತಿಳಿದವರು ಇದಕ್ಕೆ ಬಲೂನು ಒಡೆಯುತ್ತಾರೆ ಎಂದೂ ಹೇಳಿದೆ.

“ಗರ್ಭಗುಡೀಲಿ ಬಲೂನಾ? ಯಾರದೇ ಹುಟ್ಟಿದ ಹಬ್ಬ?” ಎಂದು ಗದರಿದರು. ಆಮೇಲೆ ತಣ್ಣಗಾಗಿದ್ದ ಕಷಾಯವನ್ನು ಒಂದೇ ಗುಟುಕಿಗೆ ಮುಗಿಸಿ, “ಕಾಯಿ ಒಡೆದರೆ ಆಗಲ್ವಾ?” ಎಂದರು. ಆ ಒಂದು ಮಾತಿಗೆ ನಾನು ಅವರ ಕಾಲು ಮುಟ್ಟಿ ನಮಸ್ಕರಿಸಿದ್ದು, ಅವರಿಗೆ ಯಾಕೆಂದು ಈಗಲೂ ಗೊತ್ತಿಲ್ಲ.

ಭಾನುವಾರ ಬೆಳಿಗ್ಗೆ ಮೈಕು, ಲ್ಯಾಪ್‌ಟಾಪು, ಒಂದು ಚೀಲ ಕಾಯಿಯೊಡನೆ ಗುಡಿಗೆ ಹೋದೆವು. ಹೊಸಿಲಿನ ಬಳಿ ಅಭ್ಯಾಸಬಲದಿಂದ ನಿಂತುಬಿಟ್ಟೆ. ಆ ಮನೆಯ ಮಗಳಾಗಿ ಹುಟ್ಟಿ, ಹೂವಿನ ಬುಟ್ಟಿಯನ್ನೂ ಎಣ್ಣೆಯ ಗಿಂಡಿಯನ್ನೂ ಸಾವಿರ ಸಲ ತಂದು ಕೊಟ್ಟಿದ್ದರೂ, ಆ ಹೊಸಿಲನ್ನು ನಾನು ಒಮ್ಮೆಯೂ ದಾಟಿರಲಿಲ್ಲ. ದಾಟುವ ಪದ್ಧತಿ ಇರಲಿಲ್ಲ. ದೊಡ್ಡಪ್ಪ ಒಳಗಿನಿಂದ ತಿರುಗಿ ನೋಡಿದರು. “ಬಾರಮ್ಮ, ಅವನು ಅಂಗಳದಲ್ಲಿದಾನೆ. ಈಗ ಇದು ಕೋಣೆ” ಎಂದರು. ಬಲಗಾಲಿಟ್ಟು ದಾಟಿದೆ. ನಾನು ಅಂದುಕೊಂಡಿದ್ದಕ್ಕಿಂತ ತೀರಾ ಸಣ್ಣ ಜಾಗ, ನಮ್ಮ ಅಡುಗೆಮನೆಯ ಅರ್ಧ. ಲಿಂಗಕ್ಕೆ ಬಿಳಿ ಪಂಚೆ ಹೊದಿಸಿದ್ದರು. ಹೊರಗಿನವರ ಕಣ್ಣಿಗೆ ಬೀಳದ ಗೂಡೊಂದರಲ್ಲಿ ದೊಡ್ಡಪ್ಪನ ಇನ್ನೊಂದು ಕನ್ನಡಕವೂ ಶುಂಠಿ ಪೆಪ್ಪರಮೆಂಟಿನ ಡಬ್ಬಿಯೂ ಇದ್ದವು. ಬಾಲ್ಯದುದ್ದಕ್ಕೂ ನಾನು ಕೈಮುಗಿದಿದ್ದ ಆ ಕತ್ತಲೆಯಲ್ಲಿ ಪೆಪ್ಪರಮೆಂಟೂ ಇತ್ತೆಂದು ತಿಳಿದು ನನಗೆ ಭಕ್ತಿ ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು.

ಮೈಕು ಪರೀಕ್ಷಿಸಲು ಯಾರಾದರೂ ಒಂದು ಸಾಲು ಹಾಡಬೇಕಿತ್ತು. ದೊಡ್ಡಪ್ಪ ಹಾಡಲು ಒಪ್ಪದೆ ಹೊರಗೆ ಹೋಗಿ ನಿಂತರು. ನಾನೇ ತಾತನ ಪದದ ಮೊದಲ ಸಾಲು ಹಾಡಿದೆ. ಕಲ್ಲು ಅದನ್ನು ತೆಗೆದುಕೊಂಡಿತು. ನನ್ನ ಗಂಟಲಿನಿಂದ ಹೊರಟ ಸಾಧಾರಣ ಸಾಲೊಂದು ನಾಲ್ಕು ಮೂಲೆಯಿಂದಲೂ ನನ್ನ ಹತ್ತಿರಕ್ಕೆ ಬಂದು ನಿಂತಿತು. ಮೈ ಜುಮ್ಮೆಂದಿತು. ಹೊರಗೆ ಕಂಬದ ಪಕ್ಕದಲ್ಲಿ, ನಾವೆಲ್ಲ ನಿಲ್ಲುತ್ತಿದ್ದ ಜಾಗದಲ್ಲಿ, ದೊಡ್ಡಪ್ಪ ಉತ್ತರೀಯದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. “ಇಲ್ಲಿ ನಿಂತೋರಿಗೆ ಹೀಗೆ ಕೇಳಿಸ್ತಿತ್ತೇನೆ?” ಎಂದರು. ಐವತ್ತು ವರ್ಷ ಒಳಗೇ ನಿಂತವರಿಗೆ ಹೊರಗಿನ ಸುದ್ದಿ ಗೊತ್ತಿರಲಿಲ್ಲ.

ಇನ್ನು ಕಾಯಿಗಳು. ಮೊದಲನೆಯದು ದೊಡ್ಡಪ್ಪನ ಏಟಿಗೆ ಬಿರುಕಷ್ಟೇ ಬಿಟ್ಟು, ಎರಡನೆಯ ಏಟಿಗೆ ಒಡೆಯಿತು, ಅಚ್ಚಿನಲ್ಲಿ ಎರಡು ಸದ್ದು. ಎರಡನೆಯದು ಚೆನ್ನಾಗಿ ಒಡೆದರೂ ನೀರು ಮೈಕಿನ ಮೇಲೆ ಹಾರಿ, ನಾನು ಕಿರುಚಿದ್ದು ಈಶ್ವರನ ಪ್ರತಿಧ್ವನಿಯ ಸಮೇತ ದಾಖಲಾಯಿತು. ಮೂರನೆಯದು ಒಳಗೆ ಕೆಟ್ಟಿತ್ತು. ದೊಡ್ಡಪ್ಪ ಕಾಯಿಯನ್ನು ಕಿವಿಯ ಬಳಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ ಆರಿಸುವವರು, ಅಂಥವರಿಗೂ ಕೆಟ್ಟದ್ದು ಬಂತೆಂದರೆ ಅವರ ಮನಸ್ಸು ಎಲ್ಲಿತ್ತೆಂದು ತಿಳಿಯಿತು. ಅಷ್ಟರಲ್ಲಿ ಚಪ್ಪಡಿ ಬಿಚ್ಚುವ ಮೇಸ್ತ್ರಿ ಸಿದ್ದರಾಜು ಅಳತೆ ನೋಡಲೆಂದು ಇಬ್ಬರು ಆಳುಗಳೊಡನೆ ಬಂದವನು, ದೇವರಿಲ್ಲದ ಗುಡಿಯಲ್ಲಿ ಅರ್ಚಕರು ಕಾಯಿಯ ಮೇಲೆ ಕಾಯಿ ಒಡೆಯುವುದನ್ನು ಕಂಡು ಚಪ್ಪಲಿ ಬಿಟ್ಟು ನಿಂತ. “ಖಾಲಿ ಗುಡೀಲಿ ಕಾಯಿ ಒಡೀತಾವ್ರೆ ಅಂದ್ರೆ ಏನೋ ದೋಸ ಕಂಡದೆ ಕಣ್ರಲಾ, ಕೈ ಮುಗುದ್ಕಳಿ” ಎಂದು ಜೊತೆಯವರಿಗೆ ಪಿಸುಗುಟ್ಟಿದ. ಆ ಪಿಸುಮಾತು ನಾಲ್ಕನೆಯ ಕಾಯಿಯ ಜೊತೆ ಸ್ಪಷ್ಟವಾಗಿ ಮುದ್ರಣವಾಗಿದೆ. ಐದನೆಯದಕ್ಕೆ ಬೀದಿಯ ಮೂವರು ಹೆಂಗಸರು ಸೇರಿದರು. ಆರನೆಯದು ಒಡೆದ ಪ್ರಶಸ್ತವಾದ ಸದ್ದು ಇನ್ನೂ ಗಾಳಿಯಲ್ಲಿರುವಾಗಲೇ ಪುಟ್ಟತಾಯಮ್ಮ ಹೂವಿನ ಬುಟ್ಟಿಯನ್ನು ಸೊಂಟಕ್ಕೇರಿಸಿ ಬಂದು ಢಣ್ ಎಂದು ಗಂಟೆ ಹೊಡೆದಳು. ನಾನು ತಲೆ ಚಚ್ಚಿಕೊಂಡೆ. “ಯಾಕ್ ಟೀಚರಮ್ಮ, ಕಾಯಿ ಒಡೆದ್ರೆ ಗಂಟೆ ಒಡೀಬ್ಯಾಡ್ವಾ?” ಎಂದು ಅವಳು ಕೇಳಿದ್ದು ನ್ಯಾಯವಾಗಿಯೇ ಇತ್ತು.

ತಂದ ಕಾಯಿಗಳು ಮುಗಿದವು. ಬೇರೆ ತರೋಣವೆಂದು ನಾನು ಏಳುವಷ್ಟರಲ್ಲಿ ಸಿದ್ದರಾಜು ಎದುರಿನ ಅಂಗಡಿಗೆ ಓಡಿ ಒಂದು ಕಾಯಿ ತಂದು ಹೊಸಿಲಿನ ಮೇಲಿಟ್ಟ. “ಐನೋರೆ, ನಮ್ದೂ ಒಂದು ಒಡ್ದು ಕೊಡಿ. ನಾಳೆ ಚಪ್ಪಡಿ ಎತ್ತೋರು ನಾವೇಯ. ಆ ಸಾಮಿ ತಲೆ ಮ್ಯಾಲಿನ ಸೂರು ಕೀಳ್ಬೇಕಲ್ಲ, ಯಾರ್ಗೂ ಏನೂ ಆಗದಂಗೆ ನೋಡ್ಕ ಅಂತ ಒಂದ್ ಮಾತು ಹೇಳ್ಬುಡಿ.”

ದೊಡ್ಡಪ್ಪ ಆ ಕಾಯಿಯನ್ನು ತಟ್ಟಿ ನೋಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ಪಂಚೆ ಹೊದ್ದ ಲಿಂಗದ ಮುಂದೆ ಕಣ್ಣುಮುಚ್ಚಿ ನಿಂತು, ಸಿದ್ದರಾಜುವಿನ ಹೆಸರನ್ನೂ ಅವನ ಆಳುಗಳ ಹೆಸರನ್ನೂ ಕೇಳಿ ತಿಳಿದು ಹೇಳಿ, ಮೈಕನ್ನೂ ನನ್ನನ್ನೂ ಮರೆತು, ಒಂದೇ ಏಟಿಗೆ ಒಡೆದರು. ಯಾರೂ ಉಸಿರು ಬಿಡಲಿಲ್ಲ. ಸದ್ದು ಎದ್ದಿತು, ಗೋಡೆಯಿಂದ ಗೋಡೆಗೆ ನಡೆಯಿತು, ಚಾವಣಿಯವರೆಗೆ ಹೋಗಿ ಮೆಲ್ಲನೆ ಇಳಿಯಿತು, ಇಲ್ಲವಾಯಿತು. ಅದೇ ‘ಕಾಯಿ ಏಳು’. ಆ ವಾರವಿಡೀ ದೊಡ್ಡಮ್ಮನ ಮನೆಯಲ್ಲೂ ನಮ್ಮ ಮನೆಯಲ್ಲೂ ಕಾಯಿ ಚಟ್ನಿ, ಕಾಯಿ ಹುಳಿ, ಕಾಯಿ ಹೋಳಿಗೆ. ಯಜಮಾನರು ಶುಕ್ರವಾರ ತಟ್ಟೆ ನೋಡಿ, “ಮತ್ತೆ?” ಎಂದರು. ಅದು ಅವರ ಮಟ್ಟಿಗೆ ಒಂದು ಭಾಷಣ.

ದೊಡ್ಡಪ್ಪನ ಮನೆಯ ನಡುಕೋಣೆಯಲ್ಲಿ ಪರೀಕ್ಷೆ ನಡೆಯಿತು. ಕಿವಿಗೆ ಹೆಡ್‌ಫೋನು ಹಾಕಿಸಿ ಹಾಡಿಸಿದೆ, ತಿರುಪನ್ನು ಅವರ ಬೆರಳಿಗೇ ಬಿಟ್ಟೆ. ಹತ್ತು, ಇಪ್ಪತ್ತು, ನಲವತ್ತು, “ಇನ್ನೊಂಚೂರು” ಎನ್ನುತ್ತಾ ನೂರಕ್ಕೆ ಮುಟ್ಟಿಸಿ, “ಇದೇ! ಇದೇ ಕಣಮ್ಮ!” ಎಂದು ಕೂಗಿದರು. ದೊಡ್ಡಮ್ಮನಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದಾಗ ಅವರು ಅಡುಗೆಮನೆಯಿಂದಲೇ, “ಏನು ಹೇಳ್ತಿದ್ದಾರೋ ಒಂದಕ್ಷರ ತಿಳೀತಿಲ್ಲ, ಬಾವಿಗೆ ಬಿದ್ದೋರು ಕರೆದ ಹಾಗಿದೆ” ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ನೂರರಲ್ಲಿ ದೇವರಿದ್ದ, ಪದ ಇರಲಿಲ್ಲ. ಸೊನ್ನೆಯಲ್ಲಿ ಪದವಿತ್ತು, ದೊಡ್ಡಪ್ಪನಿಗೆ ಧೈರ್ಯವಿರಲಿಲ್ಲ. ಒಂದು ಮಧ್ಯಾಹ್ನ ಪೂರ್ತಿ ಗಂಡಹೆಂಡಿರು ಚೌಕಾಸಿ ಮಾಡಿ ಮೂವತ್ತೈದಕ್ಕೆ ಒಪ್ಪಿದರು. ದೊಡ್ಡಪ್ಪ ಪಂಚಾಂಗದ ಹಿಂಬದಿಯಲ್ಲಿ ಮೂವತ್ತೈದು ಎಂದು ಬರೆದುಕೊಂಡರು.

ಬಾಲಾಲಯದಲ್ಲಿ ಅಚ್ಚು ಕೂರಿಸಿದ ಮೊದಲ ಬೆಳಿಗ್ಗೆ ಮೈಕು ಹಾಕಿದೊಡನೆ ಕುಯ್ಯೆಂದು ಅರಚಿತು. ಭಕ್ತರೆಲ್ಲ ಕಿವಿ ಮುಚ್ಚಿಕೊಂಡರು. ನಾನು ಗಾಬರಿಯಲ್ಲಿ ಅದನ್ನು ಇದನ್ನು ಒತ್ತಿದೆ, ಅರಚಾಟ ನಿಂತಿತು. ತಿರುಪು ಮೂವತ್ತೈದರಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡು ದೊಡ್ಡಪ್ಪನಿಗೆ ಕೈಸನ್ನೆ ಮಾಡಿದೆ. ಅವರು ಎದೆಯುಬ್ಬಿಸಿ ಹಾಡಿದರು. ಎಂಥ ಹಾಡು! ಎರಡು ವಾರದಿಂದ ಒಳಗೆ ತಡೆದಿಟ್ಟದ್ದೆಲ್ಲ ಹೊರಗೆ ಬಂತು. ಆರತಿ ಮುಗಿದಾಗ ಪುಟ್ಟತಾಯಮ್ಮ, “ಈಗ ಸರಿಯಾಯ್ತು ನೋಡಿ ಐನೋರ ಗಂಟ್ಲು, ಕಸಾಯ ಕೆಲ್ಸ ಮಾಡದೆ” ಎಂದಳು. ನಾನು ಒಳಗೊಳಗೇ ನಕ್ಕೆ. ಕಷಾಯವಂತೆ! ಗರ್ಭಗುಡಿಯನ್ನೇ ಲ್ಯಾಪ್‌ಟಾಪಿನಲ್ಲಿ ಹೊತ್ತು ತಂದ ನನ್ನ ವಿದ್ಯೆಯನ್ನು ಇವಳು ಮೆಣಸಿನ ಕಾಳಿನ ಖಾತೆಗೆ ಹಾಕಿದಳಲ್ಲ ಎಂದುಕೊಂಡೆ.

ಮೂರು ವಾರ ಹೀಗೆ ನಡೆಯಿತು. ದಿನವೂ ಬಸ್ಸಿಗೆ ಮೊದಲು ನಾನು ಬಾಲಾಲಯಕ್ಕೆ ಹೋಗಿ ತಿರುಪಿನ ಸೇವೆ ಸಲ್ಲಿಸುತ್ತಿದ್ದೆ. ಮೋಡ ಮುಸುಕಿದ ದಿನ ಮೂವತ್ತಮೂರು, ಜನ ಹೆಚ್ಚಿದ್ದರೆ ಮೂವತ್ತೆಂಟು, ದೊಡ್ಡಪ್ಪನಿಗೆ ಶೀತವಿದ್ದರೆ ನಲವತ್ತು. ಒಂದೊಂದು ಅಂಕಿಗೂ ದನಿಯಲ್ಲಾಗುವ ನವಿರಾದ ವ್ಯತ್ಯಾಸವನ್ನು ನಾನು ಕಣ್ಣುಮುಚ್ಚಿ ಆಸ್ವಾದಿಸುತ್ತಿದ್ದೆ. ಸಹೋದ್ಯೋಗಿಗಳಿಗೆ ಬಸ್ಸಿನಲ್ಲಿ ಇದರ ಸೂಕ್ಷ್ಮಗಳನ್ನು ವಿವರಿಸಿ ಅವರ ನಿದ್ದೆ ಕೆಡಿಸಿದೆ. ದೊಡ್ಡಪ್ಪ ಸಮಿತಿಯ ಮಾತನ್ನೇ ಎತ್ತಲಿಲ್ಲ.

ಶಿವರಾತ್ರಿಗೆ ಇನ್ನು ಹತ್ತು ದಿನ ಇರುವಾಗ, ಒಂದು ಭಾನುವಾರ ಮಧ್ಯಾಹ್ನ ಲ್ಯಾಪ್‌ಟಾಪನ್ನು ಮನೆಗೆ ತಂದು ಧೂಳೊರೆಸುತ್ತಾ ತಂತ್ರಾಂಶ ತೆರೆದೆ. ತಿರುಪಿನ ಪಕ್ಕದಲ್ಲಿ ಒಂದು ಪುಟ್ಟ ಗುಂಡಿ ಕೆಂಪಗೆ ಹೊಳೆಯುತ್ತಿತ್ತು. ಅದರ ಹೆಸರು ಬೈಪಾಸ್. ನಮ್ಮ ಕಡೆಯವರಿಗೆ ಬೈಪಾಸನ್ನು ವಿವರಿಸಬೇಕಾಗಿಲ್ಲ. ಹೊಸ ಹೆದ್ದಾರಿ ಬಂದ ಮೇಲೆ ಕಾರುಗಳು ಮದ್ದೂರು, ಮಂಡ್ಯ ಯಾವುದನ್ನೂ ಹೊಗದೆ ಪಕ್ಕದಲ್ಲೇ ಹಾರಿಹೋಗುವುದನ್ನು ದಿನಾ ನೋಡುತ್ತೇವೆ. ಆ ಗುಂಡಿ ಒತ್ತಿದ್ದರೆ ದನಿ ಅಚ್ಚಿನೊಳಕ್ಕೆ ಹೋಗುವುದೇ ಇಲ್ಲ, ಪಕ್ಕದಿಂದ ನೇರ ಸ್ಪೀಕರಿಗೆ. ತಿರುಪನ್ನು ಮೂವತ್ತೈದಕ್ಕಿಡಿ, ಎಂಬತ್ತಕ್ಕಿಡಿ, ಅದು ಸುಮ್ಮನೆ ತಿರುಗುತ್ತದೆ. ಮೊದಲ ಬೆಳಿಗ್ಗೆ ಗಾಬರಿಯಲ್ಲಿ ನಾನು ಒತ್ತಿದ್ದು ಅದನ್ನೇ. ಅಂದಿನಿಂದ ಅದು ಹಾಗೆಯೇ ಇತ್ತು. ಆ ಮೂರು ವಾರ ದೊಡ್ಡಪ್ಪ ಹಾಡಿದ್ದು ಬರೀ ಸೊನ್ನೆಯಲ್ಲಿ, ಅವರನ್ನು ಕಂಗೆಡಿಸಿದ ಅದೇ ತಗಡಿನಡಿಯಲ್ಲಿ, ಅದೇ ಮೈಕಿನಲ್ಲಿ, ಅದೇ ಗಂಟಲಿನಲ್ಲಿ.

ಮೊದಲು ನನಗೆ ನಾಚಿಕೆಯಾಯಿತು. ಮೋಡದ ದಿನದ ಮೂವತ್ತಮೂರು! ಕಣ್ಣುಮುಚ್ಚಿ ಆಸ್ವಾದಿಸಿದ ನವಿರು! ಊರಿನವರ ಮಾತಿಗೆಲ್ಲ ಅಂಕಿ ಕೊಡುತ್ತಾ ತಿರುಗಿದ ಕಿವಿ ಇದು. ಆಮೇಲೆ ಭಯವಾಯಿತು. ಹೇಳಿದರೆ ದೊಡ್ಡಪ್ಪ ಮತ್ತೆ ಜಗಲಿ ಹಿಡಿದಾರು, ಹೇಳದಿದ್ದರೆ ದೇವರು ಹೇಗೂ ನೀರೊಳಗಿದ್ದಾನೆಂಬ ಧೈರ್ಯದ ಮೇಲೆ ಮುದುಕರಿಗೆ ಸುಳ್ಳು ಹೇಳಿದಂತೆ. ಯಜಮಾನರನ್ನು ಕೇಳಿದೆ. “ಆನ್ ಮಾಡು” ಎಂದರು. ಸೊನ್ನೆಯವರ ಸಲಹೆಯಲ್ಲಿ ಇರುವ ಅನುಕೂಲ ಇದು. ಹೌದಲ್ಲ, ಹೇಳುವ ಅಗತ್ಯವೇ ಇಲ್ಲ, ಗುಂಡಿ ತೆಗೆದರೆ ಸುಳ್ಳು ತಾನಾಗಿಯೇ ನಿಜವಾಗುತ್ತದೆ.

ಸೋಮವಾರ ಬೆಳಿಗ್ಗೆ ಮೈಕನ್ನು ಸ್ಪೀಕರಿನಿಂದ ದೂರ ಸರಿಸಿ, ಗುಂಡಿ ತೆಗೆದು, ತಿರುಪನ್ನು ಪಂಚಾಂಗದಲ್ಲಿ ಬರೆದಂತೆ ಮೂವತ್ತೈದಕ್ಕೆ ನಿಲ್ಲಿಸಿದೆ. ದೊಡ್ಡಪ್ಪ ತಟ್ಟೆ ಎತ್ತಿದರು, ಪದ ಎತ್ತಿಕೊಂಡರು. ತಗಡಿನಡಿಯಲ್ಲಿ ಗರ್ಭಗುಡಿ ತೆರೆದುಕೊಂಡಿತು. ಕಲ್ಲು, ಎಣ್ಣೆ, ಕತ್ತಲು ಎಲ್ಲವೂ ಆ ದನಿಯಲ್ಲಿದ್ದವು, ನನಗೆ ಕಣ್ಣು ತುಂಬಿಬಂತು. ದೊಡ್ಡಪ್ಪ ಎರಡನೆಯ ಸಾಲಿಗೆ ಹುಬ್ಬು ಗಂಟಿಕ್ಕಿದರು. ಮೂರನೆಯ ಸಾಲಿಗೆ ಓರೆಗಣ್ಣಿನಿಂದ ನನ್ನತ್ತ ನೋಡಿದರು. ನಿಲ್ಲಿಸಲಿಲ್ಲ, ಪ್ರತಿಧ್ವನಿಯ ಮೇಲೆ ಎದ್ದು ಕೇಳುವಂತೆ ಇನ್ನಷ್ಟು ಗಟ್ಟಿಯಾಗಿ, ಅಕ್ಷರ ಬಿಡಿಸಿ ಬಿಡಿಸಿ ಕೊನೆಯವರೆಗೂ ಹಾಡಿದರು.

ತೀರ್ಥ ಕೊಡುವಾಗ ನನ್ನ ಅಂಗೈಯ ಮೇಲೆ ಉದ್ಧರಣೆ ಹಿಡಿದು ತಗ್ಗಿದ ದನಿಯಲ್ಲಿ ಹೇಳಿದರು: “ಇವತ್ತು ಯಾಕೋ ಜಾಸ್ತಿ ಆಯ್ತು ಕಣಮ್ಮ. ಮಾತು ಒಂದರ ಮೇಲೊಂದು ಬೀಳ್ತಿದ್ವು. ತಾತ ಬರೆದದ್ದು ಜನಕ್ಕೆ ತಿಳೀಬೇಡ್ವೇ? ನಿನ್ನೆ ಎಷ್ಟಿತ್ತೋ ಅಷ್ಟೇ ಇಡು. ಅದು ಸರಿಯಾಗಿದೆ, ಅದರಲ್ಲಿ ಅವನೂ ಕೇಳಿಸ್ತಾನೆ, ನಾನೂ ಕೇಳಿಸ್ತೀನಿ.”

ಹಿಂದೆ ನಿಂತಿದ್ದ ಪುಟ್ಟತಾಯಮ್ಮ ಕೈಯೊಡ್ಡುತ್ತಾ, “ಊ ಕಣಮ್ಮ, ಇವತ್ತು ಡಬ್ಬದೊಳಗಿಂದ ಬಂದಂಗಿತ್ತು. ನೆನ್ನೆದೇ ಚೆಂದ” ಎಂದಳು.

“ಆಗಲಿ ದೊಡ್ಡಪ್ಪ, ನಿನ್ನೆ ಎಷ್ಟಿತ್ತೋ ಅಷ್ಟೇ ಇಡ್ತೀನಿ” ಎಂದು ತೀರ್ಥ ಕುಡಿದೆ. ಅವರ ಎದುರಿನಲ್ಲೇ ಗುಂಡಿ ಒತ್ತಿದೆ. ಇಷ್ಟು ನಿಜವಾದ ಮಾತನ್ನು ನಾನು ಆ ಗುಡಿಯಲ್ಲಿ ಹಿಂದೆ ಆಡಿರಲಿಲ್ಲ. ದೊಡ್ಡಪ್ಪ ಶಿವರಾತ್ರಿಗೂ ಹಾಡಿದರು, ಈಗಲೂ ಅಲ್ಲೇ ಹಾಡುತ್ತಿದ್ದಾರೆ. ಗೋಡೆ ಅರ್ಧಕ್ಕೆ ಎದ್ದಿದೆ. ಹೊಸ ಗರ್ಭಗುಡಿ ಹೇಗೆ ಮಾರುತ್ತರ ಕೊಡುತ್ತದೋ ಯಾರಿಗೂ ತಿಳಿಯದು. ಕೊಡದಿದ್ದರೂ ತೊಂದರೆಯಿಲ್ಲವೆಂದು ದೊಡ್ಡಪ್ಪನೇ ಸಿದ್ದರಾಜುವಿಗೆ ಹೇಳಿದರಂತೆ. ದೇವರು ಒಳಗೆ ಹೋದ ಮೇಲೆ ನಾನು ಮತ್ತೆ ಹೊಸಿಲಿನ ಹೊರಗೆ. ಆ ಬೇಸರ ನನಗಿದೆ, ಮುಚ್ಚಿಡುವುದಿಲ್ಲ. ಆದರೆ ನಾನೊಮ್ಮೆ ಒಳಗೆ ನಿಂತಿದ್ದೆನೆಂಬುದಕ್ಕೆ ಮೂರು ಸೆಕೆಂಡಿನ ಸಾಕ್ಷಿ ನನ್ನ ಬಳಿ ಇದೆ.

ಆ ಸೋಮವಾರ ದೊಡ್ಡಪ್ಪ ಪ್ರಸಾದವೆಂದು ಒಂದು ಇಡೀ ಕಾಯಿ ಕೊಟ್ಟಿದ್ದರು. ಮನೆಗೆ ಬಂದು, ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ, ಹಿತ್ತಲ ಕಲ್ಲಿನ ಮುಂದೆ ನಿಂತೆ. ಕೈಯೆತ್ತಿದವಳು ಒಂದು ಗಳಿಗೆ ತಡೆದೆ. ಒಳಗೆ ಮಿಕ್ಸಿ ನಿಂತಿತ್ತು, ಬೀದಿಯಲ್ಲಿ ಯಾರೂ ಇರಲಿಲ್ಲ. ಒಡೆದೆ. ಟಪ್ ಎಂದಿತು. ಹಿಂದಿಲ್ಲ, ಮುಂದಿಲ್ಲ, ತಿರುಗಿ ಬರಲು ಗೋಡೆಯಿಲ್ಲ. ಗುಂಡಿಯಿಲ್ಲದ, ತಿರುಪಿಲ್ಲದ ಒಂದು ಪುಟ್ಟ ಸದ್ದು, ಅಷ್ಟು ದಿನ ನನ್ನ ಕೈಯಲ್ಲೇ ಆಗುತ್ತಿದ್ದದ್ದು. ಅದೇ ಸೊಗಸಾಗಿತ್ತು.

“ಏನಾಯ್ತು?” ಎಂದರು ಯಜಮಾನರು ಒಳಗಿನಿಂದ.

“ಒಡೀತು” ಎಂದೆ.